ಮೀನಿಗೆ ಬೇಕಾದದ್ದು ಬೆಳಕು, ದುಬಾರಿ ಬಾಡಿಯಲ್ಲ

‘ಅಕ್ವೇರಿಯಂ ಮೀನಿನ ಫೋಟೊಗೆ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್ ಬೇಕೇ ಬೇಕು’ ಎಂಬ ಲೇಖನವೊಂದರ ವಾದವನ್ನು ಒಪ್ಪಲಾಗದು. ಅದು ಹೊಸಬರನ್ನು ಸುಮ್ಮನೆ ಸಾಲಕ್ಕೆ ತಳ್ಳುತ್ತದೆ.

ದೊಡ್ಡ ಸೆನ್ಸರ್ ಮಂದ ಬೆಳಕಿನಲ್ಲಿ ಅನುಕೂಲ, ನಿಜ. ಆದರೆ ಮನೆಯ ತೊಟ್ಟಿಗೆ ಬೆಳಕನ್ನು ನಾವೇ ಕೊಡಬಹುದಲ್ಲ? ಗಾಜಿನ ಮುಚ್ಚಳದ ಮೇಲಿನಿಂದ ಫ್ಲಾಶ್ ಬೆಳಗಿಸಿದರೆ ಎಫ್/8, ಐಎಸ್‌ಒ 200ರಲ್ಲೇ ನಿಯಾನ್ ಟೆಟ್ರಾದ ನೀಲಿ ಪಟ್ಟೆ ಸ್ಪಷ್ಟವಾಗಿ ಮೂಡುತ್ತದೆ. ಓಡುವ ಮೀನೂ ಅಲುಗದೆ ಸಿಗುತ್ತದೆ. ಒಂದೇ ಚೌಕಟ್ಟು, ಒಂದೇ ಅಪರ್ಚರ್‌ನಲ್ಲಿ ಫುಲ್‌ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ಗೆ ಫೋಕಸ್‌ನ ಆಳವೂ ಹೆಚ್ಚು. ಹತ್ತಿರದ ಚಿತ್ರಕ್ಕೆ ಇದು ದೊಡ್ಡ ಲಾಭ.

ಕ್ಯಾಮೆರಾ ಬಾಡಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೇ ಬೇರೆ: ದೂರದಲ್ಲಿಟ್ಟ ಫ್ಲಾಶನ್ನು ಇದು ತಂತಿಯಿಲ್ಲದೆ ನಡೆಸುತ್ತದೆಯೇ? ನಿಕಾನ್ ಡಿ7500ರ ಪಾಪ್‌ಅಪ್ ಫ್ಲಾಶ್‌ಗೆ ಆ ಸಾಮರ್ಥ್ಯವಿದೆ. ಡಿ3500ಕ್ಕೆ ಇಲ್ಲ, ಆದರೆ ರೇಡಿಯೊ ಟ್ರಿಗರ್ ಹಾಕಿದರೆ ಅದೂ ಸಾಕು.

ಉಳಿದ ಹಣ ಮ್ಯಾಕ್ರೊ ಲೆನ್ಸಿಗೆ, ರಬ್ಬರ್ ಹುಡ್‌ಗೆ ಹೋಗಲಿ. ಹುಡ್ ಗಾಜಿಗೆ ತಾಗಿದರೆ ಪ್ರತಿಫಲನವಿಲ್ಲ. ಲೆನ್ಸ್ ನೇರವಾಗಿದ್ದರೆ ಮಸುಕಿಲ್ಲ. ಓರೆ ಹಿಡಿದರೆ ಎಷ್ಟೇ ಬೆಲೆಯ ಕ್ಯಾಮೆರಾವೂ ಕೈಕೊಡುತ್ತದೆ. ಗಾಜಿನ ಮಾತೇ ಎತ್ತದೆ ಕ್ಯಾಮೆರಾ ಶಿಫಾರಸು ಮಾಡುವುದು ಓದುಗರಿಗೆ ಮಾಡುವ ಅನ್ಯಾಯ.