ಗಡ್ಡೆಯ ಊಟ

ಅಕ್ಕ ಹುಬ್ಬಳ್ಳಿಯಿಂದ ಚಿಕಿತ್ಸೆಗೆಂದು ದಾದರಿನ ನಮ್ಮ ಮನೆಗೆ ಬಂದು ಎರಡು ತಿಂಗಳಾಯಿತು. ಎರಡನೇ ಕೀಮೋ ಮುಗಿಸಿ ಟ್ಯಾಕ್ಸಿಯಲ್ಲಿ ಬರುವಾಗ ಕೇಳಿದಳು: "ಔಷಧ ಹತ್ತೇದೋ ಇಲ್ಲೋ ಯಾವಾಗ ತಿಳೀತದೋ ತಮ್ಮಾ?"

ಸ್ಕ್ಯಾನ್ ಆದಮೇಲೆ ಎಂದೆ. ಆದರೆ ಮಾಮೂಲಿ ಸ್ಕ್ಯಾನ್ ನೋಡುವುದು ಗಡ್ಡೆಯ ಗಾತ್ರವನ್ನು. ಔಷಧ ಹತ್ತಿದ್ದರೂ ಗಾತ್ರ ಕುಗ್ಗಲು ವಾರಗಳು ಬೇಕು. ಆ ರಾತ್ರಿ ಓದುತ್ತ ಕುಳಿತೆ.

ಕ್ಯಾನ್ಸರ್ ಕೋಶ ಆಮ್ಲಜನಕ ಇದ್ದರೂ ಗ್ಲೂಕೋಸನ್ನು ಪೂರ್ತಿ ಉರಿಸದೆ ಬಹುಪಾಲನ್ನು ಲ್ಯಾಕ್ಟೇಟ್ ಮಾಡಿ ಹೊರಹಾಕುತ್ತದೆ. 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್‌ಬರ್ಗ್ ಇದನ್ನು ಕಂಡ. (ಇದನ್ನೇ ತಿರುಚಿದ ವಾಟ್ಸಾಪ್ ಸಂದೇಶ ಓದಿ ಅಕ್ಕ ಬೆಲ್ಲ ಬಿಟ್ಟಿದ್ದಾಳೆ. ನಾವು ಬೆಲ್ಲ ಬಿಟ್ಟರೂ ದೇಹ ತಾನೇ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ ಎಂದರೆ ನಂಬುವುದಿಲ್ಲ.)

ಲ್ಯಾಕ್ಟೇಟ್ ಆಗುವ ಮುಂಚಿನ ಮೆಟ್ಟಿಲು ಪೈರುವೇಟ್. ಅದು ಬದಲಾಗುವುದನ್ನು ಎಂಆರ್‌ಐಯಲ್ಲಿ ಕಣ್ಣಾರೆ ನೋಡಬಹುದೇ? ಎಂಆರ್‌ಐ ಸಾಮಾನ್ಯವಾಗಿ ಕೇಳಿಸಿಕೊಳ್ಳುವುದು ನೀರಿನ ಹೈಡ್ರೋಜನ್ ದನಿ. ಕಾರ್ಬನ್-13ರ ದನಿ ತೀರ ಕ್ಷೀಣ. 2003ರಲ್ಲಿ ಆರ್ಡೆನ್‌ಕ್ಯಾರ್-ಲಾರ್ಸೆನ್ ಮತ್ತು ಸಂಗಡಿಗರು ಒಂದು ಉಪಾಯ ಪ್ರಕಟಿಸಿದರು. ವಸ್ತುವನ್ನು ಸುಮಾರು ಮೈನಸ್ 272 ಡಿಗ್ರಿಗೆ ತಣಿಸಿ, ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸಿ, ಆಮೇಲೆ ಬಿಸಿ ದ್ರವದಲ್ಲಿ ತಟ್ಟನೆ ಕರಗಿಸುವುದು. ದನಿ 10,000 ಪಟ್ಟಿಗೂ ಹೆಚ್ಚಾಗುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಅಷ್ಟರೊಳಗೆ ಪೈರುವೇಟನ್ನು ನರಕ್ಕೆ ಚುಚ್ಚಿ ಚಿತ್ರ ತೆಗೆಯಬೇಕು. ಪೈರುವೇಟ್, ಲ್ಯಾಕ್ಟೇಟ್ ಎರಡರ ಸ್ವರವೂ ಬೇರೆಬೇರೆ, ಹಾಗಾಗಿ ಯಾವುದು ಎಷ್ಟು ಎಂದು ತಿಳಿಯುತ್ತದೆ. ವಿಕಿರಣದ ಗೊಡವೆಯಿಲ್ಲ. ಪೆಟ್ ಸ್ಕ್ಯಾನ್ ಗಡ್ಡೆ ಎಷ್ಟು ಸಕ್ಕರೆ ಎಳೆದುಕೊಂಡಿತು ಎಂಬಲ್ಲಿಗೆ ನಿಲ್ಲುತ್ತದೆ. ಇದು ಒಳಗಿನ ಅಡುಗೆಯನ್ನೇ ತೋರಿಸುತ್ತದೆ.

2007ರಲ್ಲಿ ಕೇಂಬ್ರಿಜ್‌ನ ಕೆವಿನ್ ಬ್ರಿಂಡಲ್ ತಂಡ ಲಿಂಫೋಮಾ ಇದ್ದ ಇಲಿಗಳಿಗೆ ಕೀಮೋ ಔಷಧ ಕೊಟ್ಟು ನೋಡಿತು. ಸುಮಾರು ಒಂದು ದಿನದಲ್ಲೇ ಲ್ಯಾಕ್ಟೇಟ್ ತಯಾರಿ ಇಳಿದಿತ್ತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಮನುಷ್ಯರ ಮೇಲಿನ ಮೊದಲ ವರದಿ ಬಂತು, ಪ್ರಾಸ್ಟೇಟ್ ಕ್ಯಾನ್ಸರಿನ 31 ಗಂಡಸರದು. ಇಷ್ಟು ವರ್ಷವಾದರೂ ಇದು ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ. ಆ ಯಂತ್ರ, ಆ ಅವಸರ, ಆ ಖರ್ಚು ಎಲ್ಲ ಆಸ್ಪತ್ರೆಗೂ ಎಟುಕುವಂಥದ್ದಲ್ಲ. ಅಕ್ಕನ ಆಸ್ಪತ್ರೆಯಲ್ಲೂ ಇಲ್ಲ.

ಬೆಳಿಗ್ಗೆ ಚಹಾ ಕುಡಿಯುತ್ತ ಎಲ್ಲ ಹೇಳಿದೆ. ಕೊನೆತನಕ ಕೇಳಿಸಿಕೊಂಡಳು.

"ಅಂದ್ರ ಇಲಿಗೆ ಒಂದ ದಿನಕ್ಕ ತಿಳೀತು," ಎಂದು ನಕ್ಕಳು. "ನಂದು ಯಾವಾಗಂದಿ?"

"ಮುಂದಿನ ತಿಂಗಳು 11ಕ್ಕೆ, ಅಕ್ಕಾ."

ಕ್ಯಾಲೆಂಡರ್ ಹತ್ತಿರ ಹೋಗಿ ಗುರುತು ಹಾಕಿ ಬಂದಳು. ಚಹಾಕ್ಕೆ ಸಕ್ಕರೆ ಮಾತ್ರ ಹಾಕಿಕೊಳ್ಳಲಿಲ್ಲ.