ಅಳೆಯುವ ಕ್ಯಾಮೆರಾವನ್ನೇ ಮೊದಲು ಅಳೆಯಬೇಕು

2023ರ ಸೆಪ್ಟೆಂಬರ್ 5ರಂದು ಇಸ್ರೊ ಒಂದು ವಿಚಿತ್ರ ಬಣ್ಣದ ಚಿತ್ರವನ್ನು ಬಿಡುಗಡೆ ಮಾಡಿತು. ಚಂದ್ರನ ನೆಲದ ಮೇಲೆ ವಿಕ್ರಮ್ ಲ್ಯಾಂಡರ್. ಅದರ ಅಂಚುಗಳಲ್ಲೆಲ್ಲ ಕೆಂಪು ಮತ್ತು ಹಸಿರುಮಿಶ್ರಿತ ನೀಲಿ ಗೆರೆಗಳು. ಅದೇ ಎರಡು ಬಣ್ಣದ ಗಾಜಿನ ಕನ್ನಡಕ ಹಾಕಿಕೊಂಡು ನೋಡಿದರೆ ಲ್ಯಾಂಡರ್ ನೆಲದಿಂದ ಎದ್ದು ನಿಂತಂತೆ ಕಾಣುತ್ತದೆ. ಚಿತ್ರ ತೆಗೆದದ್ದು ಪ್ರಜ್ಞಾನ್ ರೋವರ್‌ನ ಎಡ ಮತ್ತು ಬಲ ನ್ಯಾವ್‌ಕ್ಯಾಮ್‌ಗಳು, ಅಂದರೆ ದಾರಿ ನೋಡುವ ಕ್ಯಾಮೆರಾಗಳು. ಅವನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೊ ಪ್ರಯೋಗಾಲಯ ‘ಲಿಯೋಸ್’. ಚಿತ್ರವನ್ನು ಸಂಸ್ಕರಿಸಿದ್ದು ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್.

ಇಂಥ ಜೋಡಿ ಕ್ಯಾಮೆರಾಗಳ ನಿಜವಾದ ಕೆಲಸ ಅಳತೆ. ಆ ಚಿತ್ರ ಬಿಡುಗಡೆಯಾಗುವ ಒಂಬತ್ತು ದಿನ ಮೊದಲು, ಆಗಸ್ಟ್ 27ರಂದು, ರೋವರ್‌ಗೆ 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ವಿಜ್ಞಾನಿಗಳು ರೋವರನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿದರು. ಚಪ್ಪಟೆ ಚಿತ್ರದಿಂದ ಇಂಥ ದೂರವನ್ನು ಲೆಕ್ಕ ಹಾಕುವುದಾದರೂ ಹೇಗೆ?

ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ: ಬೆರಳು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಬೆರಳು ದೂರವಾದಷ್ಟೂ ಸರಿತ ಕಡಿಮೆ. ಎರಡು ಕ್ಯಾಮೆರಾಗಳಲ್ಲೂ ಹೀಗೆಯೇ. ಕ್ಯಾಮೆರಾಗಳ ನಡುವಿನ ಅಂತರವನ್ನು ಮಸೂರದ ಸಂಗಮ ದೂರದಿಂದ ಗುಣಿಸಿ, ಚಿತ್ರದಲ್ಲಿನ ಸರಿತದಿಂದ ಭಾಗಿಸಿದರೆ ವಸ್ತು ಎಷ್ಟು ದೂರದಲ್ಲಿದೆ ಎಂಬುದು ಸಿಗುತ್ತದೆ.

ಉದಾಹರಣೆಗೆ, ಕ್ಯಾಮೆರಾಗಳ ನಡುವೆ 24 ಸೆಂಟಿಮೀಟರ್ ಅಂತರವಿದೆ, ಸಂಗಮ ದೂರ 1,000 ಪಿಕ್ಸೆಲ್‌ಗೆ ಸಮ ಎಂದಿಟ್ಟುಕೊಳ್ಳೋಣ. 3 ಮೀಟರ್ ದೂರದ ಕಲ್ಲು 80 ಪಿಕ್ಸೆಲ್ ಸರಿಯುತ್ತದೆ. ಒಂದು ಪಿಕ್ಸೆಲ್ ತಪ್ಪಿದರೆ ದೂರ ಸುಮಾರು 4 ಸೆಂಟಿಮೀಟರ್ ತಪ್ಪುತ್ತದೆ, ಚಿಂತೆಯಿಲ್ಲ. ಆದರೆ 12 ಮೀಟರ್ ದೂರದ ಕಲ್ಲು ಸರಿಯುವುದು ಬರೀ 20 ಪಿಕ್ಸೆಲ್. ಅಲ್ಲಿ ಅದೇ ಒಂದು ಪಿಕ್ಸೆಲ್ ತಪ್ಪಿದರೆ ಸುಮಾರು 60 ಸೆಂಟಿಮೀಟರ್ ವ್ಯತ್ಯಾಸ. ದೂರ ನಾಲ್ಕು ಪಟ್ಟಾದರೆ ದೋಷ ಹದಿನಾರು ಪಟ್ಟು.

ಈ ದೋಷ ಎಲ್ಲಿಂದ ಬರುತ್ತದೆ? ಮಸೂರ ನೇರ ಗೆರೆಯನ್ನು ಅಂಚಿನತ್ತ ತುಸು ಬಾಗಿಸುತ್ತದೆ. ಸೆನ್ಸರ್‌ನ ನಡುಬಿಂದು ಮಸೂರದ ನಡುವಿಗೆ ಸರಿಯಾಗಿ ಕೂತಿರುವುದಿಲ್ಲ. ಎರಡು ಕ್ಯಾಮೆರಾಗಳೂ ಪೂರ್ತಿ ಸಮಾನಾಂತರವಾಗಿರುವುದಿಲ್ಲ. ಇವೆಲ್ಲವನ್ನೂ ಸಂಖ್ಯೆಗಳಲ್ಲಿ ಕಂಡುಕೊಳ್ಳುವ ಕೆಲಸವೇ ಕ್ಯಾಲಿಬ್ರೇಷನ್. ಮೊದಲು ಇದಕ್ಕೆ ಅತಿ ನಿಖರವಾಗಿ ತಯಾರಿಸಿದ, ದುಬಾರಿ ಉಪಕರಣಗಳು ಬೇಕಿದ್ದವು. 2000ದಲ್ಲಿ ಝೆಂಗ್‌ಯೂ ಝಾಂಗ್ ಎಂಬ ವಿಜ್ಞಾನಿ ಪ್ರಕಟಿಸಿದ ವಿಧಾನ ಇದನ್ನು ಬಹಳ ಸುಲಭ ಮಾಡಿತು. ಕಪ್ಪು-ಬಿಳಿ ಚೌಕಗಳ ಹಾಳೆಯನ್ನು ಸಮತಟ್ಟಾದ ಹಲಗೆಗೆ ಅಂಟಿಸಿ, ಬೇರೆ ಬೇರೆ ಓರೆಯಲ್ಲಿ ಹಿಡಿದು ಹಲವು ಚಿತ್ರ ತೆಗೆದರೆ ಸಾಕು. ಚೌಕದ ಅಳತೆ ನಮಗೆ ಗೊತ್ತು. ಅದರ ಮೂಲೆಗಳು ಚಿತ್ರದಲ್ಲಿ ಎಲ್ಲಿರಬೇಕಿತ್ತು, ಎಲ್ಲಿವೆ ಎಂಬ ವ್ಯತ್ಯಾಸದಿಂದ ಗಣಕ ಕ್ಯಾಮೆರಾದ ಗುಣದೋಷಗಳನ್ನು ಲೆಕ್ಕ ಹಾಕುತ್ತದೆ. ಹಲಗೆ ಕೊಂಚ ಉಬ್ಬಿದ್ದರೂ ಲೆಕ್ಕ ಕೆಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಬಾಹ್ಯಾಕಾಶದಲ್ಲಿ ಹಲಗೆ ಹಿಡಿಯುವವರಿಲ್ಲ. 2005ರ ಮೇ 5ರಂದು ಹಾರಿದ ಇಸ್ರೊ ಉಪಗ್ರಹ ಕಾರ್ಟೊಸ್ಯಾಟ್-1ರಲ್ಲಿ ಎರಡು ಕ್ಯಾಮೆರಾಗಳಿದ್ದವು: ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ಓರೆ. ಸುಮಾರು 618 ಕಿಲೋಮೀಟರ್ ಎತ್ತರದಿಂದ ಅವು ಬೆಟ್ಟ-ಕಣಿವೆಗಳ ಎತ್ತರ ತಿಳಿಯಲು ಜೋಡಿ ಚಿತ್ರ ತೆಗೆಯುತ್ತಿದ್ದವು. ಅಷ್ಟು ಎತ್ತರದಲ್ಲಿ ಕ್ಯಾಮೆರಾದ ದಿಕ್ಕು ಒಂದು ಡಿಗ್ರಿಯ 3,600ನೇ ಒಂದು ಪಾಲು ತಪ್ಪಿದರೂ ನೆಲದ ಮೇಲೆ 3 ಮೀಟರ್ ತಪ್ಪುತ್ತದೆ. ಚಿತ್ರದ ಒಂದು ಪಿಕ್ಸೆಲ್ ಇದ್ದದ್ದೇ 2.5 ಮೀಟರ್. ಉಡಾವಣೆಯ ಕಂಪನ, ಬಿಸಿಲು-ನೆರಳಿನಿಂದಾಗುವ ಉಷ್ಣತೆಯ ಏರಿಳಿತ ಇಷ್ಟು ಮಾಡಲು ಸಾಕು. ಹಾಗಾಗಿ ನೆಲದ ಮೇಲೆ ಜಿಪಿಎಸ್‌ನಿಂದ ಅಳೆದ ರಸ್ತೆ ಕೂಡುವ ಜಾಗದಂಥ ಗುರುತುಗಳನ್ನು ಚಿತ್ರದಲ್ಲಿ ಹುಡುಕಿ, ಹೋಲಿಸಿ, ಕ್ಯಾಮೆರಾವನ್ನು ಮತ್ತೆ ತಿದ್ದಬೇಕಾಗುತ್ತದೆ.

ಇಂದು ಕೃತಕ ಬುದ್ಧಿಮತ್ತೆಯ ಸಿದ್ಧ ತಂತ್ರಾಂಶಗಳು ಮೊಬೈಲ್ ಚಿತ್ರಗಳಿಂದಲೇ ಮೂರು ಆಯಾಮದ ಮಾದರಿ ಕಟ್ಟಿಕೊಡುತ್ತವೆ. ಅವು ಉಪಯುಕ್ತವೇ. ಆದರೆ ಬಿರುಕು ಬಿಟ್ಟ ಸೇತುವೆಯನ್ನೋ ಹಳೆಯ ಗುಡಿಯನ್ನೋ ಹೀಗೆ ಅಳೆಯುವಾಗ ಚೆಂದದ ಮಾದರಿ ಸಾಲದು, ಅಳತೆ ಎಷ್ಟು ನಿಖರ ಎಂಬುದೂ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಚೌಕದ ಹಾಳೆಯ ಪ್ರಯೋಗ ಮೊದಲ ಪಾಠವಾಗಲಿ. ವರದಿಯಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿ ಅದರ ದೋಷದ ಮಿತಿಯನ್ನೂ ಬರೆಯುವುದು ಕಡ್ಡಾಯವಾಗಲಿ.