ಮರಿಯಳಿಗೆ ಬಳಿದ ಮಸಿ

ಗೆಳತಿಯರೇ, ಹೆಣ್ಣಿನ ಬಾಯಿ ಮುಚ್ಚಿಸಲು ಅವಳ ನಡತೆಗೆ ಮಸಿ ಬಳಿಯುವುದು ಬಹಳ ಹಳೆಯ ಉಪಾಯ. ಮಗ್ದಲದ ಮರಿಯಳ ಕಥೆಯನ್ನೇ ನೋಡಿ.

ಯೇಸುವಿನೊಂದಿಗೆ ಊರೂರು ತಿರುಗಿದವರಲ್ಲಿ ಮರಿಯಳೂ ಒಬ್ಬಳು. ಅವಳೂ ಇತರ ಹೆಂಗಸರೂ ಸ್ವಂತ ಹಣದಿಂದ ಆ ತಂಡವನ್ನು ಸಾಕಿದರೆಂದು ಲೂಕನ ಸುವಾರ್ತೆ ಹೇಳುತ್ತದೆ. ಯೇಸು ಶಿಲುಬೆಯ ಮೇಲೆ ಸಾಯುವಾಗ ಅವಳು ಅಲ್ಲಿದ್ದಳು. ಯೋಹಾನನ ಸುವಾರ್ತೆಯಲ್ಲಿ, ಮರಳಿ ಎದ್ದ ಯೇಸುವನ್ನು ಮೊದಲು ಕಂಡು ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ. ಹೆಂಗಸರು ತಂದ ಆ ಸುದ್ದಿಯನ್ನು ಗಂಡಸರು ಬರೀ ಹರಟೆಯೆಂದು ತಳ್ಳಿಹಾಕಿದರೆಂದು ಲೂಕನೇ ಬರೆದಿದ್ದಾನೆ.

ಇಂಥವಳು 'ಕೆಟ್ಟವಳು' ಆದದ್ದು ಹೇಗೆ? ಸುವಾರ್ತೆಗಳಲ್ಲಿ ಎಲ್ಲಿಯೂ ಆ ಮಾತಿಲ್ಲ. 591ರಲ್ಲಿ ಪೋಪ್ ಒಂದನೆಯ ಗ್ರೆಗೊರಿ ಪ್ರವಚನವೊಂದರಲ್ಲಿ, ಲೂಕನು ಹೆಸರು ಹೇಳದ ಒಬ್ಬ ಪಾಪಿ ಹೆಂಗಸು ಈ ಮರಿಯಳೇ ಎಂದರು. ಪಶ್ಚಿಮದ ಕ್ರೈಸ್ತರು ಅದನ್ನೇ ನಂಬಿದರು. ಸಾಕ್ಷಿ ಹೇಳಿದವಳು ಮರೆಯಾಗಿ, ಕಣ್ಣೀರಿಡುವ ಪಾಪಿ ಉಳಿದಳು. ಕಥೋಲಿಕ ಸಭೆ 1969ರಲ್ಲಿ ತನ್ನ ಹಬ್ಬಗಳ ಪಟ್ಟಿಯನ್ನು ತಿದ್ದುವಾಗ ಈ ಗೊಂದಲವನ್ನು ಕೈಬಿಟ್ಟಿತು. 2016ರಲ್ಲಿ ಅವಳ ದಿನವಾದ ಜುಲೈ 22ಕ್ಕೆ ಅಪೊಸ್ತಲರ ಹಬ್ಬಗಳ ಸಮಾನ ಸ್ಥಾನ ಕೊಟ್ಟಿತು. ಒಂದು ಮಾತಿನ ಮಸಿ ತೊಳೆಯಲು ಸುಮಾರು 1400 ವರ್ಷ ಬೇಕಾಯಿತು!

ವರದಕ್ಷಿಣೆ ಕಿರುಕುಳದ ದೂರು ತಂದವಳ ಮೈಮೇಲಿನ ಬಾಸುಂಡೆ ನೋಡುವ ಮೊದಲೇ "ಅವಳ ನಡತೆ ಹೇಗೆ?" ಎನ್ನುತ್ತೇವೆ. ನಾನೂ ಒಮ್ಮೆ ಹಾಗೆ ಕೇಳಿದ್ದೇನೆ, ಇಂದಿಗೂ ನಾಚಿಕೆಯಾಗುತ್ತದೆ. ಸಂಘದ ಸಭೆಯಲ್ಲಿ ಆ ಪ್ರಶ್ನೆ ನಾಲಿಗೆಗೆ ಬಂದರೆ ಮರಿಯಳನ್ನು ನೆನೆಯೋಣ. ಎದುರು ಕೂತವಳ ಮಾತನ್ನು ಮೊದಲು ಪೂರ್ತಿ ಕೇಳೋಣ.